ಮೌಸ್ ಹಿಡಿಯದೆ ಮೌಸ್ ಓಡಿಸುವುದು

ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವಾಗ ಮೊದಲು ಹೇಳುವ ಮಾತು, ‘ಮೌಸ್ ಮರೆತುಬಿಡಿ, ಎಲ್ಲ ಕೀಬೋರ್ಡ್‌ನಲ್ಲೇ ಆಗುತ್ತೆ’ ಅಂತ. ಮುಕ್ಕಾಲು ಪಾಲು ನಿಜ. ನನ್ನ ಕಚೇರಿ ಕೆಲಸ ಸಿಕ್ಕಿಹಾಕಿಕೊಂಡಿದ್ದು ಉಳಿದ ಕಾಲು ಪಾಲಿನಲ್ಲಿ. ನಾವು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಹೆಸರು, ದಿನಾಂಕ, ಮೊತ್ತ ಎಲ್ಲ ಸಿಗುತ್ತವೆ. ‘ಸೇವ್’ ಬಟನ್ ಮಾತ್ರ ಸಿಗುವುದಿಲ್ಲ. ಕೊನೆಯ ಕಾಲಂ ಆದ ಮೇಲೆ ಮತ್ತೆ ಮೊದಲ ಕಾಲಂಗೇ ಬಂದು ನಿಲ್ಲುತ್ತೇನೆ. ಅದನ್ನು ಬರೆದವರು ಎಲ್ಲರ ಕೈಯಲ್ಲೂ ಮೌಸ್ ಇರುತ್ತದೆ ಅಂದುಕೊಂಡಿರಬೇಕು. ಒಂದು ಕ್ಲಿಕ್‌ಗಾಗಿ ದಿನಾ ಪಕ್ಕದ ಟೇಬಲ್‌ನವರನ್ನು ಕರೆಯುವುದು ಯಾರಿಗೆ ಇಷ್ಟ?

ನಾನು ಬಳಸುವ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿ ಇರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್, ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ಬಹುಶಃ ಅದಕ್ಕೇ ಅದರಲ್ಲಿ ಮೌಸ್‌ಗೆ ಇಷ್ಟೊಂದು ದಾರಿಗಳಿವೆ. ದುಡ್ಡು ಕೊಡಬೇಕಿಲ್ಲ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬೇರೆಯವರ ಕಂಪ್ಯೂಟರ್‌ನಲ್ಲೂ ಓಡಿಸಬಹುದು.

ಕೀಲಿಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಪರದೆಯ ಮೇಲೆ ನಾವು ಒಂದೇ ಸಲಕ್ಕೆ ಮೂರು ಕಡೆ ಇರುತ್ತೇವೆ. ಫೋಕಸ್ ಒಂದು ಕಡೆ: ಟೈಪ್ ಮಾಡಿದರೆ ಅಕ್ಷರ ಬೀಳುವ ಜಾಗ. ಮೌಸ್ ಪಾಯಿಂಟರ್ ಇನ್ನೊಂದು ಕಡೆ: ಯಾರೋ ಕೊನೆಯ ಸಲ ಬಿಟ್ಟುಹೋದ ಮೂಲೆಯಲ್ಲಿ ಬಿದ್ದಿರುತ್ತದೆ. ಮೂರನೆಯದು ಎನ್‌ವಿಡಿಎ ತನ್ನದೇ ಆಗಿ ಇಟ್ಟುಕೊಂಡಿರುವ ಒಂದು ಬೆರಳು, ನ್ಯಾವಿಗೇಟರ್ ಅಂತ ಅದಕ್ಕೆ ಹೆಸರು. ಟ್ಯಾಬ್ ಒತ್ತಿದರೆ ಫೋಕಸ್ ಹೋಗುತ್ತದೆ, ನ್ಯಾವಿಗೇಟರ್ ಅದರ ಹಿಂದೆಯೇ ಹೋಗುತ್ತದೆ, ಮೌಸ್ ಮಾತ್ರ ಇದ್ದಲ್ಲೇ ಇರುತ್ತದೆ. ಆದರೆ ನ್ಯಾವಿಗೇಟರನ್ನು ನಾವು ಬೇರೆಯಾಗಿ ನಡೆಸಬಹುದು. ಫೋಕಸ್ ಕಾಲಿಡದ ಕಡೆಗೂ ಅದು ಹೋಗುತ್ತದೆ. ಅಲ್ಲಿಗೆ ತಲುಪಿದ ಮೇಲೆ ಮೌಸನ್ನು ಕರೆಸಿಕೊಳ್ಳುವುದು, ಇಷ್ಟೇ ಆಟ.

ನ್ಯಾವಿಗೇಟರ್ ನಡೆಯುವುದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಂತ ಅಲ್ಲ. ವಿಂಡೋ ಅನ್ನುವುದು ವಠಾರ ಇದ್ದ ಹಾಗೆ. ವಠಾರದೊಳಗೆ ಮನೆ, ಮನೆಯೊಳಗೆ ಕೋಣೆ. ಇನ್ಸರ್ಟ್ ಹಿಡಿದು ನಂಬರ್ ಪ್ಯಾಡ್‌ನ 8 ಒತ್ತಿದರೆ ಕೋಣೆಯಿಂದ ಮನೆಗೆ, 2 ಒತ್ತಿದರೆ ಮನೆಯಿಂದ ಮೊದಲ ಕೋಣೆಗೆ. 4 ಮತ್ತು 6 ಅಂದರೆ ಹಿಂದಿನ, ಮುಂದಿನ ಕೋಣೆ. ಎಲ್ಲಿದ್ದೇನೆ ಅಂತ ಗೊಂದಲವಾದರೆ 5. ದಾರಿ ಪೂರ್ತಿ ತಪ್ಪಿದರೆ ಇನ್ಸರ್ಟ್ ಮತ್ತು ನಂಬರ್ ಪ್ಯಾಡ್‌ನ ಮೈನಸ್, ಮತ್ತೆ ಫೋಕಸ್ ಇದ್ದಲ್ಲಿಗೇ ಬರುತ್ತೇವೆ. ನಮ್ ಲಾಕ್ ಆಫ್ ಇರಬೇಕು, ಇಲ್ಲದಿದ್ದರೆ ಬರೀ ಅಂಕಿಗಳೇ ಬೀಳುತ್ತವೆ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ, ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪ್ ವಿನ್ಯಾಸ ಆರಿಸಿಕೊಂಡರೆ ಇದೇ ಕೆಲಸ ಇನ್ಸರ್ಟ್, ಶಿಫ್ಟ್ ಮತ್ತು ಬಾಣದ ಕೀಲಿಗಳಲ್ಲಿ ಆಗುತ್ತದೆ.

ನಮ್ಮ ‘ಸೇವ್’ ಸಿಕ್ಕಿದ್ದು ಹೀಗೇ. ಮೊತ್ತದ ಕಾಲಂನಿಂದ 8 ಒತ್ತಿ ಹೊರಗೆ ಬಂದೆ. 6 ಒತ್ತಿ ಪಕ್ಕಕ್ಕೆ ಹೋದೆ. ‘ಟೂಲ್ ಬಾರ್’ ಅಂದಿತು. 2 ಒತ್ತಿ ಒಳಗೆ ಇಳಿದರೆ ‘ಬಟನ್’, ‘ಬಟನ್’, ‘ಬಟನ್’. ಹೆಸರೇ ಇಲ್ಲ! ಯಾವುದು ಸೇವ್, ಯಾವುದು ಡಿಲೀಟ್ ಅಂತ ಒತ್ತಿ ನೋಡಿ ಕಲಿಯುವ ಧೈರ್ಯ ನನಗಂತೂ ಇಲ್ಲ. ಸಹೋದ್ಯೋಗಿಯೊಬ್ಬರನ್ನು ಕೂರಿಸಿಕೊಂಡು ಎಡದಿಂದ ಬಲಕ್ಕೆ ಏನೇನಿದೆ ಓದಿಸಿಕೊಂಡೆ: ಹೊಸದು, ಸೇವ್, ಡಿಲೀಟ್, ಪ್ರಿಂಟ್. ಅದನ್ನು ಬರೆದಿಟ್ಟುಕೊಂಡೆ. ಆಮೇಲೆ ಅವರನ್ನು ಕರೆಯಬೇಕಾಗಿ ಬಂದಿಲ್ಲ.

ಬಟನ್ ಸಿಕ್ಕಿದ ಕೂಡಲೇ ಕ್ಲಿಕ್‌ಗೆ ಕೈ ಹಾಕಬೇಡಿ. ಮೊದಲು ಇನ್ಸರ್ಟ್ ಮತ್ತು ನಂಬರ್ ಪ್ಯಾಡ್‌ನ ಎಂಟರ್ ಒತ್ತಿ ನೋಡಿ. ಮೌಸ್ ಇಲ್ಲದೆಯೇ ಬಟನ್ ಕೆಲಸ ಮಾಡಿದರೆ ಒಳ್ಳೆಯದೇ. ಮಾಡದಿದ್ದರೆ ಇನ್ಸರ್ಟ್ ಜೊತೆ ನಂಬರ್ ಪ್ಯಾಡ್‌ನ ಸ್ಲ್ಯಾಶ್: ಮೌಸ್ ಬಂದು ಆ ಬಟನ್ ಮೇಲೆ ಕೂರುತ್ತದೆ. ಆಮೇಲೆ ಬರೀ ಸ್ಲ್ಯಾಶ್ ಅಂದರೆ ಎಡ ಕ್ಲಿಕ್, ಬರೀ ಸ್ಟಾರ್ ಅಂದರೆ ಬಲ ಕ್ಲಿಕ್. ಬಲ ಕ್ಲಿಕ್‌ಗೆ ಹೆಚ್ಚಿನ ಕಡೆ ಶಿಫ್ಟ್ ಮತ್ತು ಎಫ್10 ಸಾಕು, ಮೌಸ್ ಬೇಕಾಗುವುದಿಲ್ಲ.

ಎಳೆದು ತಂದು ಬಿಡುವ ಕೆಲಸವೂ ಆಗುತ್ತದೆ. ಶಿಫ್ಟ್ ಮತ್ತು ಸ್ಲ್ಯಾಶ್ ಒತ್ತಿದರೆ ಎಡ ಗುಂಡಿ ಒತ್ತಿ ಹಿಡಿದ ಹಾಗೆ ಲಾಕ್ ಆಗುತ್ತದೆ. ನ್ಯಾವಿಗೇಟರನ್ನು ಬೇಕಾದ ಜಾಗಕ್ಕೆ ನಡೆಸಿ, ಮೌಸನ್ನು ಕರೆಸಿ, ಮತ್ತೆ ಅದೇ ಕೀಲಿ ಒತ್ತಿ ಬಿಟ್ಟರೆ ಆಯಿತು. ತೊಡಕಿನ ಕೆಲಸ, ಸುಳ್ಳು ಹೇಳಲ್ಲ. ಕಟ್ ಮಾಡಿ ಪೇಸ್ಟ್ ಮಾಡಲು ಬರುವ ಕಡೆ ನಾನು ಇದಕ್ಕೆ ಹೋಗುವುದೇ ಇಲ್ಲ.

ಕೆಲವು ಪರದೆಗಳಲ್ಲಿ ನ್ಯಾವಿಗೇಟರ್‌ಗೂ ಏನೂ ಸಿಗುವುದಿಲ್ಲ. ಎಲ್ಲವೂ ಒಂದೇ ಚಿತ್ರ. ವಿಂಡೋಸ್ 10 ಅಥವಾ ಆಮೇಲಿನದ್ದು ಇದ್ದರೆ ಇನ್ಸರ್ಟ್ ಮತ್ತು ಆರ್ ಒತ್ತಿ. ಚಿತ್ರದಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಿ ಓದುತ್ತದೆ. ಬಾಣದ ಕೀಲಿಯಲ್ಲಿ ಬೇಕಾದ ಪದದ ಮೇಲೆ ಹೋಗಿ ಎಂಟರ್ ಒತ್ತಿದರೆ ಪರದೆಯ ಆ ಜಾಗದಲ್ಲೇ ಕ್ಲಿಕ್ ಆಗುತ್ತದೆ. ಇದು ಗೊತ್ತಿಲ್ಲದವರು ಬಹಳ ಮಂದಿ. ಓದಿಸಿಕೊಂಡು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಇನ್ನು ನಿಜವಾದ ಮೌಸ್ ಕೈಯಲ್ಲಿ ಹಿಡಿದು ಓಡಿಸುವುದು. ಇನ್ಸರ್ಟ್, ಕಂಟ್ರೋಲ್, ಎಂ ಒತ್ತಿದರೆ ಮೌಸ್ ಸೆಟ್ಟಿಂಗ್ಸ್ ತೆರೆಯುತ್ತದೆ. ಮೌಸ್ ಚಲಿಸುವಾಗ ದನಿ ಕೇಳಿಸುವ ಆಯ್ಕೆ ಅಲ್ಲಿದೆ. ಅದನ್ನು ಆನ್ ಮಾಡಿ ಹೆಡ್‌ಫೋನ್ ಹಾಕಿಕೊಳ್ಳಿ. ಪಾಯಿಂಟರ್ ಮೇಲೆ ಹೋದರೆ ಸ್ವರ ಏರುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ. ಎಡಕ್ಕೆ ಹೋದರೆ ಎಡ ಕಿವಿಯಲ್ಲಿ, ಬಲಕ್ಕೆ ಹೋದರೆ ಬಲ ಕಿವಿಯಲ್ಲಿ. ಇದರಲ್ಲಿ ಸಣ್ಣ ಬಟನ್ ಹಿಡಿಯುವುದು ಕಷ್ಟ. ಆದರೆ ಪರದೆಯ ಅಂದಾಜು ಸಿಗುತ್ತದೆ. ಕಣ್ಣಿರುವವರು ‘ಮೇಲೆ ಬಲಗಡೆ ನೀಲಿ ಬಟನ್ ಇದೆಯಲ್ಲ ಸಾರ್’ ಅಂದಾಗ ‘ಮೇಲೆ ಬಲಗಡೆ’ ಎಲ್ಲಿ ಅಂತ ನನಗೆ ಅಂದಾಜಾಗಿದ್ದು ಈ ಸ್ವರಗಳಿಂದಲೇ. ನೀಲಿ ತಗೊಂಡು ನಾನೇನು ಮಾಡಲಿ? ‘ಅದರ ಮೇಲೆ ಏನು ಬರೆದಿದೆ ಹೇಳಿ’ ಅಂತ ಕೇಳುತ್ತೇನೆ.

ಉಳಿದ ಹೊತ್ತು ಮೌಸ್ ಓದುವುದನ್ನು ಇನ್ಸರ್ಟ್ ಮತ್ತು ಎಂ ಒತ್ತಿ ಆಫ್ ಮಾಡಿಟ್ಟಿರುತ್ತೇನೆ. ಯಾರೋ ಫೈಲ್ ಇಡುವಾಗ ಮೌಸ್‌ಗೆ ಕೈ ತಾಗಿದರೂ ಸಾಕು, ಓದುತ್ತಿರುವ ಪತ್ರದ ಮಧ್ಯೆ ಇನ್ನೇನೋ ಒದರಲು ಶುರು ಮಾಡುತ್ತದೆ.

ಪತ್ರ ಅಂದ ಮೇಲೆ ಇದನ್ನೂ ಹೇಳಬೇಕು. ಎಷ್ಟು ಚೆನ್ನಾಗಿ ಪರದೆ ಸುತ್ತಲು ಬಂದರೂ ಕನ್ನಡದ ಹಳೆಯ ಕಡತಗಳಲ್ಲಿ ನಿಂತುಬಿಡುತ್ತೇವೆ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರ ಕಣ್ಣಿಗೆ ಮಾತ್ರ ಕನ್ನಡ. ‘ಕನ್ನಡ’ ಅನ್ನುವ ಪದದ ಅಡಿಯಲ್ಲಿ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಮಧ್ಯೆ ಒಂದು ಪೌಂಡ್ ಗುರುತು. ಸ್ಕ್ರೀನ್ ರೀಡರ್ ಪಾಪ ಇದ್ದದ್ದನ್ನೇ ಓದುತ್ತದೆ. ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್‌ಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರಗಳಿಗೆ, ಬದಲಾಯಿಸುವ ಪರಿವರ್ತಕದಲ್ಲಿ ಹಾಕಿ ತೆಗೆದರೆ ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ದನಿ ಕನ್ನಡವನ್ನು ಓದುತ್ತದೆ. ದನಿ ಯಂತ್ರದ ಹಾಗಿದೆ ಅಂತ ಹೊಸಬರು ಗೊಣಗುತ್ತಾರೆ. ವೇಗ ಜಾಸ್ತಿ ಮಾಡಿಕೊಂಡ ಮೇಲೆ ನನಗೆ ಅದೇ ಸ್ಪಷ್ಟ.

ದಿನಾ ಒಂದೇ ಬಟನ್ ಬೇಕಾಗುವವರಿಗೆ ಗೋಲ್ಡನ್ ಕರ್ಸರ್ ಅನ್ನುವ ಆಡ್-ಆನ್ ಇದೆ, ಎನ್‌ವಿಡಿಎಗೆ ಬೇರೆಯಾಗಿ ಸೇರಿಸಿಕೊಳ್ಳುವಂಥದ್ದು. ಮೌಸ್ ಇರುವ ಜಾಗಕ್ಕೆ ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಬಹುದು. ಮುಂದಿನ ಸಲ ಪಟ್ಟಿಯಲ್ಲಿ ‘ಸೇವ್’ ಆರಿಸಿದರೆ ಪಾಯಿಂಟರ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಅದು ನೆನಪಿಟ್ಟುಕೊಳ್ಳುವುದು ಜಾಗವನ್ನು, ಬಟನ್ ಅನ್ನಲ್ಲ. ವಿಂಡೋ ಸ್ವಲ್ಪ ಸರಿದಿದ್ದರೂ ಕ್ಲಿಕ್ ಪಕ್ಕದ ಬಟನ್ ಮೇಲೆ ಬೀಳಬಹುದು, ನಮ್ಮಲ್ಲಿ ಸೇವ್ ಪಕ್ಕದಲ್ಲಿರುವುದು ಡಿಲೀಟ್. ಹಾಗಾಗಿ ಜಾಗ ಉಳಿಸುವಾಗಲೂ ಬಳಸುವಾಗಲೂ ಮೊದಲು ವಿಂಡೋಸ್ ಕೀಲಿ ಮತ್ತು ಮೇಲಿನ ಬಾಣ ಒತ್ತಿ ವಿಂಡೋವನ್ನು ಪೂರ್ತಿ ದೊಡ್ಡದು ಮಾಡಿಕೊಳ್ಳಿ.