ಆ್ಯಂಟಿಬಯೋಟಿಕ್ ಮಾತ್ರೆ ನುಂಗುವ ಕ್ರಮ: ಕರುಳಿನ ಬ್ಯಾಕ್ಟೀರಿಯಾಗಳನ್ನು ಮರೆಯದಿರಿ

ಮಳೆಗಾಲದಲ್ಲಿ ಕುಮಟಾದಿಂದ ಕಾರವಾರದವರೆಗೆ ಔಷಧಿ ಅಂಗಡಿಗಳಲ್ಲಿ ನೆಗಡಿ, ಜ್ವರಕ್ಕೆಂದು ಎರಡೋ ಮೂರೋ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಬಿಡಿಯಾಗಿ ಕೇಳುವವರು ಸಾಮಾನ್ಯ. ಮೊದಲು ಇದನ್ನು ಬಿಡಬೇಕು. ನೆಗಡಿ ವೈರಸ್ಸಿನಿಂದ ಬರುವಂಥದ್ದು, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ.

ವೈದ್ಯರೇ ಬರೆದುಕೊಟ್ಟಿದ್ದರೆ ಮುಂದಿನ ಹೆಜ್ಜೆ ಹೊತ್ತು ಪಾಲಿಸುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಔಷಧಿಯು ರೋಗಾಣುವಿನ ಜೊತೆಗೆ ದೊಡ್ಡ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ವಂಶವಾಹಿ ನಕಲಾಗುವಾಗ ನುಸುಳಿದ ಸಣ್ಣ ತಪ್ಪಿನಿಂದ ಅವುಗಳಲ್ಲೊಂದಕ್ಕೆ ಔಷಧಿಯನ್ನು ತಾಳಿಕೊಳ್ಳುವ ಶಕ್ತಿ ಬಂದಿದ್ದರೆ, ಉಳಿದವು ಸತ್ತು ತೆರವಾದ ಜಾಗವನ್ನು ಅದರ ಸಂತತಿಯೇ ತುಂಬಿಕೊಳ್ಳುತ್ತದೆ. ಇನ್ನೂ ಆತಂಕದ ಸಂಗತಿಯೆಂದರೆ, ಪ್ಲಾಸ್ಮಿಡ್ ಎಂಬ ಉಂಗುರದಾಕಾರದ ಡಿಎನ್‌ಎ ತುಣುಕು ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ತಾಗಿದಾಗ ಅದರೊಳಕ್ಕೆ, ಎಷ್ಟೋ ಸಲ ಬೇರೆ ಪ್ರಭೇದದೊಳಕ್ಕೂ, ದಾಟಿಕೊಳ್ಳುತ್ತದೆ. ಹಲವು ಔಷಧಿಗಳನ್ನು ಎದುರಿಸುವ ವಂಶವಾಹಿಗಳು ಒಂದೇ ಪ್ಲಾಸ್ಮಿಡ್ಡಿನಲ್ಲಿ ಒಟ್ಟಿಗಿರಬಹುದಾದ್ದರಿಂದ, ಇಂದು ನುಂಗಿದ ಮಾತ್ರೆಯು ಮುಂದೆಂದೋ ಬೇಕಾಗುವ ಬೇರೊಂದು ಔಷಧಿಯನ್ನೂ ನಿಷ್ಫಲಗೊಳಿಸಬಲ್ಲದು. ಈ ಅಪಾಯವನ್ನು ಪೂರ್ತಿ ತಪ್ಪಿಸಲಾಗದು, ಆದರೆ ನಮ್ಮ ಅಜಾಗ್ರತೆಯಿಂದ ಹೆಚ್ಚಿಸಬಾರದು.

ಎಂಟು ಗಂಟೆಗೊಮ್ಮೆ ಎಂದು ಬರೆದಿದ್ದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಗೊತ್ತು ಮಾಡಿಕೊಳ್ಳಿ. ಅಂತರ ಹಿಗ್ಗಿದರೆ ರಕ್ತದಲ್ಲಿ ಔಷಧಿಯ ಪ್ರಮಾಣ ಕುಸಿದು, ಅರೆಬರೆ ತಾಳಿಕೆಯಿರುವ ರೋಗಾಣುಗಳು ಉಳಿದುಕೊಳ್ಳುತ್ತವೆ. ಶಿರಸಿ ಕಡೆಯ ಮನೆಗಳಲ್ಲಿ ಊಟದ ಕೊನೆಯ ಮಜ್ಜಿಗೆಯೊಂದಿಗೇ ಮಾತ್ರೆ ನುಂಗುವ ರೂಢಿಯಿದೆ. ಸಿಪ್ರೊಫ್ಲಾಕ್ಸಸಿನ್‌ನಂಥ ಮಾತ್ರೆಯನ್ನು ಹಾಗೆ ನುಂಗಬೇಡಿ. ಮಜ್ಜಿಗೆಯ ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಂಡು, ದೇಹ ಹೀರಿಕೊಳ್ಳುವ ಪ್ರಮಾಣ ತಗ್ಗುತ್ತದೆ. ನೀರೇ ಸಾಕು.

ಹೇಳಿದಷ್ಟು ದಿನ ನುಂಗಿ, ಜ್ವರ ಬಿಟ್ಟಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಉಳಿದ ಮಾತ್ರೆಯನ್ನು ನೆರೆಮನೆಗೆ ಕೊಡಬೇಡಿ.

ಆಮೇಲಿನದು ಆಹಾರ. ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯೋಟಿಕ್ ಕ್ಯಾಪ್ಸೂಲಿಗೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಬಳಿಕ ಪ್ರೊಬಯೋಟಿಕ್ ತೆಗೆದುಕೊಂಡವರ ಕರುಳಿಗೆ ಅವರದೇ ಬ್ಯಾಕ್ಟೀರಿಯಾಗಳು ಮರಳುವುದು ತಡವಾಗಿತ್ತು. ಬಾಳೆದಿಂಡಿನ ಪಲ್ಯ, ಬಸಳೆ, ಹೆಸರುಕಾಳು ಇವುಗಳ ನಾರು ಆ ಬ್ಯಾಕ್ಟೀರಿಯಾಗಳಿಗೆ ಆಹಾರ. ಜೊತೆಗೆ ಒಂದೆಲಗದ ತಂಬುಳಿಯಿದ್ದರೆ ಬಾಯಿಗೂ ಹಿತ.

ಔಷಧಿಯ ಚೀಟಿಯನ್ನು ಎಸೆಯದೆ ತೆಗೆದಿಡಿ. ತಾಳಿಕೆಯ ವಂಶವಾಹಿಗಳು ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ, ಮುಂದಿನ ಸಲ ಯಾವ ವೈದ್ಯರ ಬಳಿ ಹೋದರೂ ಹಿಂದೆ ಯಾವ ಆ್ಯಂಟಿಬಯೋಟಿಕ್ ಅನ್ನು ಎಷ್ಟು ದಿನ ನುಂಗಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ತಿಳಿಸಿ.