ನಡುಗುವ ಕೈಯಲ್ಲಿ ಕರ್ತನ ಪಾತ್ರೆ

ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚುವ ಕರ್ತನ ಭೋಜನದ ಆರಾಧನೆಯಲ್ಲಿ ಪಾತ್ರೆಯನ್ನು ಹಿಡಿದು, ವೇದಿಯ ಮುಂದೆ ಮೊಣಕಾಲೂರಿದವರ ಸಾಲಿನ ಉದ್ದಕ್ಕೂ ನಡೆಯುವುದು ಸಭಾಪಾಲಕನಾದ ನನಗೆ 22 ವರ್ಷಗಳ ಕಾಲ ಯೋಚಿಸಿ ಮಾಡಬೇಕಾದ ಕೆಲಸವೇ ಆಗಿರಲಿಲ್ಲ. ಒಂದು ಭಾನುವಾರ ಸಾಲಿನಲ್ಲಿ ನಾಲ್ಕನೆಯವರ ಮುಂದೆ ನಿಂತಾಗ ಬಲಗೈ ನಡುಗಿ, ದ್ರಾಕ್ಷಾರಸದ ಹನಿಗಳು ಆ ತಾಯಿಯ ಬಿಳಿಯ ಸೆರಗಿನ ಮೇಲೆ ಬಿದ್ದವು. ಅವರು ತಲೆ ಎತ್ತಿ ನೋಡಲಿಲ್ಲ. ಉಳಿದ ಆರಾಧನೆಯನ್ನು ನಾನು ಹೇಗೆ ಮುಗಿಸಿದೆನೋ ಇಂದಿಗೂ ನೆನಪಿಲ್ಲ.

ಅದಕ್ಕೂ ಮೊದಲೇ ಸೂಚನೆಗಳಿದ್ದವು. ಪ್ರಸಂಗದ ಟಿಪ್ಪಣಿಗಳಲ್ಲಿ ನನ್ನ ಅಕ್ಷರಗಳು ಸಾಲಿನ ಕೊನೆಗೆ ಹೋಗುತ್ತಾ ಹೋಗುತ್ತಾ ಇರುವೆಯ ಗಾತ್ರಕ್ಕೆ ಕುಗ್ಗುತ್ತಿದ್ದವು. ಕಾಫಿಯ ವಾಸನೆ ಬರುವುದು ನಿಂತು ಎಷ್ಟೋ ತಿಂಗಳುಗಳಾಗಿದ್ದವು. ನರರೋಗ ತಜ್ಞರು ಇದು ಪಾರ್ಕಿನ್ಸನ್ ಕಾಯಿಲೆ ಎಂದರು. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ಬರುವ ಈ ರೋಗವನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿಯೇ ವರ್ಣಿಸಿದ್ದರೂ, ಇಂದಿಗೂ ಲೆವೊಡೋಪ ಮಾತ್ರೆ ಅದರ ಲಕ್ಷಣಗಳನ್ನು ತಗ್ಗಿಸುತ್ತದೆಯೇ ಹೊರತು ರೋಗವನ್ನು ವಾಸಿಮಾಡುವುದಿಲ್ಲ.

ಆರು ತಿಂಗಳು ನಾನು ಅದನ್ನು ಸಭೆಯಿಂದ ಮುಚ್ಚಿಟ್ಟೆ. ಸುಮ್ಮನೆ ಇರುವಾಗ ನಡುಗುವ ಕೈ, ಏನನ್ನಾದರೂ ಹಿಡಿಯಲು ಚಾಚಿದ ಕ್ಷಣ ನಿಂತಂತಾಗಿ, ಹಿಡಿದುಕೊಂಡೇ ಇದ್ದರೆ ಕೆಲವು ಸೆಕೆಂಡುಗಳಲ್ಲಿ ಮತ್ತೆ ನಡುಗತೊಡಗುತ್ತದೆ. ಆದ್ದರಿಂದ ಸತ್ಯವೇದವನ್ನು ಎದೆಗೆ ಒತ್ತಿ ಹಿಡಿಯುವುದನ್ನೂ, ಪಾತ್ರೆಯನ್ನು ಅವಸರದಲ್ಲಿ ದಾಟಿಸುವುದನ್ನೂ ಕಲಿತುಕೊಂಡೆ. ಆಗ ನನ್ನ ಪ್ರಾರ್ಥನೆಯೆಲ್ಲ ಚೌಕಾಸಿಯಾಗಿತ್ತು: ನಿವೃತ್ತಿಯವರೆಗಾದರೂ ಈ ಕೈಯನ್ನು ಉಳಿಸಿಕೊಡು ಎಂದು ಬೇಡುತ್ತಿದ್ದೆ. ಪರಿಚಯದ ಪ್ರಸಂಗಿಯೊಬ್ಬರು ನಂಬಿಕೆ ಸಾಲದ್ದರಿಂದಲೇ ಮಾತ್ರೆ ಬೇಕಾಗಿದೆ ಎಂದಾಗ ಎದುರಾಡುವ ಧೈರ್ಯವೂ ನನಗಿರಲಿಲ್ಲ. ಅಂಗದೋಷವುಳ್ಳ ಯಾಜಕನು ಯಜ್ಞವೇದಿಯನ್ನು ಸಮೀಪಿಸಬಾರದೆಂಬ ಯಾಜಕಕಾಂಡದ 21ನೆಯ ಅಧ್ಯಾಯವನ್ನು ರಾತ್ರಿಯೆಲ್ಲ ಓದಿ ಓದಿ ನನ್ನನ್ನೇ ಚುಚ್ಚಿಕೊಳ್ಳುತ್ತಿದ್ದೆ. ಅಂಥವನೂ ಮಹಾಪರಿಶುದ್ಧವಾದ ಆಹಾರವನ್ನು ತಿನ್ನಬಹುದೆಂದು ಅದೇ ಅಧ್ಯಾಯದ 22ನೆಯ ವಚನ ಹೇಳುತ್ತದೆ. ಅದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ.

ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದ ಮೇಲೆ ನಾನು ಹತ್ತಾರು ಪ್ರಸಂಗಗಳನ್ನು ಮಾಡಿದ್ದೆ. ಈಗ ಅದನ್ನು ಕೇಳುಗನಾಗಿ ಓದಬೇಕಾಯಿತು. ತನ್ನ ಶರೀರದಲ್ಲಿ ನಾಟಿದೆಯೆಂದು ಪೌಲನು ಅಲ್ಲಿ ಹೇಳಿಕೊಳ್ಳುವ ಬಾಧೆಯನ್ನು ಅನೇಕ ಭಾಷಾಂತರಗಳು ಮುಳ್ಳು ಎನ್ನುವಲ್ಲಿ ನಮ್ಮ ಹಳೆಯ ಕನ್ನಡ ಸತ್ಯವೇದ ಶೂಲ ಎನ್ನುತ್ತದೆ, ಮತ್ತು ಮೂಲ ಗ್ರೀಕ್ ಪದಕ್ಕೆ ಎರಡೂ ಅರ್ಥಗಳಿವೆ. ಒಂದು ಶೂಲ ನಾಟಿದವನಿಗೆ ಅದು ಮುಳ್ಳಲ್ಲವೆಂದು ಗೊತ್ತಿರುತ್ತದೆ. ಪೌಲನು ಅದನ್ನು ಸೈತಾನನ ದೂತ ಎಂದೇ ಕರೆದು, ತೊಲಗಿಸಬೇಕೆಂದು ಮೂರು ಸಾರಿ ಬೇಡಿಕೊಂಡನು. ಹಾಗಿರುವಾಗ ಬಲಹೀನತೆಯೇ ಒಂದು ವರವೆಂದು ಸಿಹಿಯಾಗಿ ಹೇಳುವವರನ್ನು ನಾನು ಒಪ್ಪಲಾರೆ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಕರ್ತನ ಉತ್ತರಕ್ಕೆ ಮುಂಚೆ ಬರುವ ಕ್ರಿಯಾಪದವು ಗ್ರೀಕಿನಲ್ಲಿ ‘ಹೇಳಿದನು’ ಎನ್ನುವುದಕ್ಕಿಂತ ‘ಹೇಳಿದ್ದಾನೆ’ ಎನ್ನುವುದಕ್ಕೆ ಹತ್ತಿರ. ಹೇಳಿ ಮುಗಿದ ಮಾತು ಇನ್ನೂ ಜಾರಿಯಲ್ಲಿದೆ ಎಂಬ ಭಾವ ಅದರಲ್ಲಿದೆ. ಕ್ರಿಸ್ತನ ಬಲವು ತನ್ನಲ್ಲಿ ನೆಲೆಗೊಳ್ಳುವುದನ್ನು ಹೇಳಲು ಪೌಲನು ಬಳಸಿದ ಪದದಲ್ಲಿ ಗುಡಾರ ಹಾಕುವ ಅರ್ಥವಿದೆ. ಗುಡಾರವು ಒಳಗಿರುವವನನ್ನು ಮರೆಮಾಡುತ್ತದೆ, ಅವನ ಕೈಯನ್ನು ಸರಿಪಡಿಸುವುದಿಲ್ಲ. ನಾನು ಕೇಳುತ್ತಿದ್ದ ಬಲವೇ ಬೇರೆ, ಕೊಡಲ್ಪಟ್ಟಿದ್ದೇ ಬೇರೆ ಎಂದು ಅಲ್ಲಿ ಅರ್ಥವಾಯಿತು.

ಮುಂದಿನ ಸಭಾ ಹಿರಿಯರ ಕೂಟದಲ್ಲಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, “ಅಯ್ಯನವರೇ, ನಮಗೆ ಆವತ್ತೇ ಗೊತ್ತಾಗಿತ್ತು, ನೀವೇ ಹೇಳಲಿ ಎಂದು ಕಾಯುತ್ತಿದ್ದೆವು,” ಎಂದರು. ವಿಮೋಚನಕಾಂಡದಲ್ಲಿ, ರೆಫೀದೀಮಿನ ಯುದ್ಧ ನಡೆಯುತ್ತಿರುವಾಗ ಮೇಲೆತ್ತಿ ಹಿಡಿದಿದ್ದ ಮೋಶೆಯ ಕೈಗಳು ಸೋತಾಗ ಆರೋನನೂ ಹೂರನೂ ಮೊದಲು ಅವನಿಗೆ ಕುಳಿತುಕೊಳ್ಳಲು ಒಂದು ಕಲ್ಲನ್ನು ತಂದಿಟ್ಟರು, ಆಮೇಲೆ ಕೈಗಳಿಗೆ ಆಧಾರ ಕೊಟ್ಟರು. ನಮ್ಮ ಹಿರಿಯರೂ ಅದೇ ಕ್ರಮದಲ್ಲಿ ಪ್ರಸಂಗಪೀಠದ ಹಿಂದೆ ಒಂದು ಎತ್ತರದ ಸ್ಟೂಲನ್ನು ಹಾಕಿಸಿದರು, ಬಳಿಕ ಪಾತ್ರೆ ಹಿಡಿದ ನನ್ನ ಮೊಣಕೈಗೆ ಕೆಳಗಿನಿಂದ ಒಬ್ಬರು ಕೈ ಕೊಡುವುದೆಂದು ತೀರ್ಮಾನವಾಯಿತು. ಮೊದಲ ಭಾನುವಾರ ಆ ಸ್ಪರ್ಶವನ್ನು ಸಹಿಸುವುದು ಕಾಯಿಲೆಯನ್ನು ಸಹಿಸುವುದಕ್ಕಿಂತ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಕೊಡುವವನಾಗಿಯೇ ಬದುಕಿದವನಿಗೆ ತೆಗೆದುಕೊಳ್ಳುವುದು ಬರುವುದಿಲ್ಲ.

ನನ್ನ ದಿನಚರಿಯ ಪ್ರಾರ್ಥನೆಯೂ ಬದಲಾಗಬೇಕಾಯಿತು. ಬೆಳಗಿನ ಮಾತ್ರೆ ಕೆಲಸ ಮಾಡಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಆ ಅವಧಿಯಲ್ಲಿ ಮೈ ಮರದ ಕೊರಡಿನಂತಿರುತ್ತದೆ, ಸ್ವರ ಏಳುವುದಿಲ್ಲ. ಮೊದಲು ಆ ಹೊತ್ತು ಕಳೆದು ಮೈ ಹಗುರಾದ ಮೇಲೆ ಪ್ರಾರ್ಥಿಸುತ್ತಿದ್ದೆ. ಈಗ ಬೇಕೆಂದೇ ಆ ಹೊತ್ತಿನಲ್ಲಿ ಪ್ರಾರ್ಥಿಸುತ್ತೇನೆ. ಸ್ವಂತ ಮಾತು ಹುಟ್ಟದಿದ್ದರೆ ಕರ್ತನ ಪ್ರಾರ್ಥನೆಯನ್ನು ತುಟಿ ಮಾತ್ರ ಆಡಿಸಿ ಹೇಳುತ್ತೇನೆ. ತೀರಾ ಕೆಟ್ಟ ದಿನಗಳಲ್ಲಿ, ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ಓದಿ ಅಲ್ಲಿಗೇ ನಿಲ್ಲಿಸುತ್ತೇನೆ. ಮಾತ್ರೆಯನ್ನೂ ಸ್ತೋತ್ರ ಹೇಳಿಯೇ ನುಂಗುತ್ತೇನೆ. ಬಾಗಿಲ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಾಗ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದರೆ ಕಾಲು ಬಿಡುತ್ತದೆಂದು ಫಿಸಿಯೋಥೆರಪಿಯವರು ಕಲಿಸಿದ್ದರಿಂದ ಗೀತೆ ಹಾಡಿಕೊಂಡು ನಡೆಯುತ್ತೇನೆ. ಬಾಸೆಲ್ ಮಿಷನ್ ಕಾಲದಿಂದ ಬಂದ ಜರ್ಮನ್ ರಾಗಗಳು ಈ ಕೆಲಸಕ್ಕೆ ತೀರಾ ನಿಧಾನ. ನಮ್ಮ ಭಜನೆಯ ಧಾಟಿಯವೇ ಆಗಬೇಕು.

ತಾನೂ ಬಲಹೀನತೆಯಿಂದ ಸುತ್ತುವರಿಯಲ್ಪಟ್ಟಿರುವುದರಿಂದ ಮಹಾಯಾಜಕನು ಇತರರೊಂದಿಗೆ ತಾಳ್ಮೆಯಿಂದಿರಬಲ್ಲನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ಹೇಳುತ್ತದೆ. ಮೊದಲು ರೋಗಿಗಳ ಮನೆಗೆ ಹೋದರೆ ಹತ್ತು ನಿಮಿಷಗಳಲ್ಲಿ ಓದಿ, ಪ್ರಾರ್ಥಿಸಿ, ಎದ್ದು ಬರುತ್ತಿದ್ದೆ. ಈಗ ಬೇಗನೆ ಏಳಲು ಆಗುವುದಿಲ್ಲ, ಆದ್ದರಿಂದ ಕುಳಿತೇ ಇರುತ್ತೇನೆ. ಜನರು ಹನ್ನೊಂದನೆಯ ನಿಮಿಷದ ನಂತರವೇ ನಿಜವಾದ ಸಂಗತಿಯನ್ನು ಹೇಳಲು ಆರಂಭಿಸುತ್ತಾರೆಂಬುದನ್ನು ಇಷ್ಟು ವರ್ಷಗಳ ಸೇವೆಯಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ಅಂದು ಸೆರಗಿಗೆ ಕಲೆಯಾಗಿದ್ದ ಆ ತಾಯಿ ಈಗಲೂ ಸಾಲಿನ ಅದೇ ಕಡೆಯಲ್ಲಿ ಮೊಣಕಾಲೂರುತ್ತಾರೆ. ಪಾತ್ರೆಯನ್ನು ಈಗ ಅರ್ಧಕ್ಕಿಂತ ಕಡಿಮೆ ತುಂಬುತ್ತೇವೆ. ನಾನು ಅವರ ಮುಂದೆ ಬಂದಾಗ ಅವರು ತಮ್ಮೆರಡು ಕೈಗಳನ್ನು ನನ್ನ ಕೈಯ ಸುತ್ತ ಇಟ್ಟು ಪಾತ್ರೆಯನ್ನು ತುಟಿಗೆ ತಂದುಕೊಳ್ಳುತ್ತಾರೆ. ಮೊಣಕೈಯ ಕೆಳಗೆ ಹಿರಿಯರ ಕೈ ಇರುತ್ತದೆ.