ಶಾಲ್ಕೆ ಕೈಗೆ ಬಂತು, ಖರೀದಿ ಆಮೇಲೆ

ಹೊಸ ಕ್ಲಬ್ ಶುರು ಮಾಡಿದೆ ಅಂದರೆ ಸಾಕು, ಗೆಳೆಯರು ಕೇಳುವ ಮೊದಲ ಪ್ರಶ್ನೆ ಒಂದೇ. "ಮಗಾ, ಯಾರನ್ನ ತಗೊಂಡೆ?" ಫುಟ್‌ಬಾಲ್ ಮ್ಯಾನೇಜರ್ 2024 ಅನ್ನುವ, ಕ್ಲಬ್ ನಡೆಸುವ ಕಂಪ್ಯೂಟರ್ ಆಟದಲ್ಲಿ ನಾನು ಜರ್ಮನಿಯ ಶಾಲ್ಕೆ 04 ಹಿಡಿದಾಗಲೂ ಇದನ್ನೇ ಕೇಳಿದರು. ಯಾರನ್ನೂ ತಗೊಂಡಿಲ್ಲ ಅಂದೆ. ಒಬ್ಬರೂ ನಂಬಲಿಲ್ಲ. ಆದರೆ ನಿಜ. ಮೊದಲ ಪಂದ್ಯಕ್ಕೆ ಮುಂಚಿನ ಬಹುಪಾಲು ಸಮಯ ನಾನು ಖರೀದಿಯ ಪುಟವನ್ನೇ ತೆರೆದಿರಲಿಲ್ಲ.

ಹೊಸ ಬಾಡಿಗೆ ಮನೆಗೆ ಹೋದಾಗ ಸೋಫಾ ತರುವ ಮುಂಚೆ ನಲ್ಲಿ ತಿರುಗಿಸಿ ನೋಡ್ತೀವಿ, ಸ್ವಿಚ್ ಹಾಕಿ ನೋಡ್ತೀವಿ, ಅಲ್ವಾ? ಕ್ಲಬ್ ವಿಷಯದಲ್ಲೂ ನನ್ನದು ಅದೇ ಲೆಕ್ಕ.

2024ರ ಆಟವನ್ನೇ ಇನ್ನೂ ಯಾಕೆ ಆಡ್ತೀಯಾ ಅಂತ ಕೇಳುವವರಿದ್ದಾರೆ. 2025ರ ಆವೃತ್ತಿ ಬರಲೇ ಇಲ್ಲ. ಸ್ಪೋರ್ಟ್ಸ್ ಇಂಟರಾಕ್ಟಿವ್ ಕಂಪನಿ ಆ ವರ್ಷದ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿತು. ಮುಂದಿನದು ಬಂದದ್ದು 2025ರ ನವೆಂಬರಿನಲ್ಲಿ, ಪೂರ್ತಿ ಹೊಸ ರೂಪದಲ್ಲಿ. ನನಗೆ ಹಳೆಯದೇ ಕೈಗೆ ಕೂತಿದೆ.

ಶಾಲ್ಕೆಯೇ ಯಾಕೆ? ಈ ಕ್ಲಬ್‌ನ ಕಥೆ ಸಣ್ಣದಲ್ಲ. ಅದರ ಊರು ಗೆಲ್ಸೆನ್‌ಕಿರ್ಶೆನ್, ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳ ಊರು. ಇವತ್ತಿಗೂ ಆಟಗಾರರು ಮೈದಾನಕ್ಕೆ ಬರುವ ಸುರಂಗವನ್ನು ಗಣಿಯೊಳಗಿನ ದಾರಿಯಂತೆ ಮಾಡಿಟ್ಟಿದ್ದಾರೆ. ಏಳು ಬಾರಿ ಜರ್ಮನ್ ಚಾಂಪಿಯನ್, ಆದರೆ ಕೊನೆಯದು 1958ರಲ್ಲಿ. 2001ರಲ್ಲಂತೂ ಕೊನೆಯ ಪಂದ್ಯ 5-3 ಗೆದ್ದು, ನಾವೇ ಚಾಂಪಿಯನ್ ಅಂತ ಕುಣಿದಾಡಿದರು. ಕೆಲವೇ ನಿಮಿಷ. ಅತ್ತ ಹ್ಯಾಂಬರ್ಗ್‌ನಲ್ಲಿ ಬಯರ್ನ್ ಮ್ಯೂನಿಕ್ ಇಂಜುರಿ ಟೈಮ್‌ನಲ್ಲಿ ಗೋಲು ಹೊಡೆದು ಕಿರೀಟ ಕಿತ್ತುಕೊಂಡಿತು. 2011ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ತಂಡ 2021ರಲ್ಲಿ ಎರಡನೇ ದರ್ಜೆಗೆ ಬಿತ್ತು. ಬೀಳುವ ಮುಂಚೆ ಸತತ 30 ಲೀಗ್ ಪಂದ್ಯ ಗೆಲುವೇ ಇಲ್ಲದೆ ಆಡಿತ್ತು. 2022ರಲ್ಲಿ ಮೇಲೆ ಹೋಯಿತು, 2023ರಲ್ಲಿ ಮತ್ತೆ ಕೆಳಗೆ. ಆಟ ಶುರುವಾಗುವುದು ಅಲ್ಲಿಂದ. ಎರಡನೇ ದರ್ಜೆಯಲ್ಲಿದ್ದರೂ ಪ್ರತಿ ಮನೆ ಪಂದ್ಯಕ್ಕೆ 60 ಸಾವಿರದ ಆಸುಪಾಸು ಜನ. ಇಂಥ ಕ್ಲಬ್ ಬಿಟ್ಟು ಇನ್ಯಾವುದನ್ನ ಹಿಡಿಯೋದು?

ಇನ್ನೊಂದು ಕಾರಣವೂ ಇದೆ. ಜರ್ಮನಿಯಲ್ಲಿ 50+1 ನಿಯಮ. ಮತದ ಹಕ್ಕಿನಲ್ಲಿ ಹೆಚ್ಚು ಪಾಲು ಕ್ಲಬ್‌ನ ಸದಸ್ಯರ ಕೈಯಲ್ಲೇ ಇರಬೇಕು. ಯಾವನೋ ಶ್ರೀಮಂತ ಬಂದು ಕ್ಲಬ್ ಕೊಂಡು ಕೋಟಿಗಟ್ಟಲೆ ಸುರಿಯುವ ಹಾಗಿಲ್ಲ. ಇರುವುದರಲ್ಲೇ ಸಂಸಾರ ಮಾಡಬೇಕು. ಇಂಥ ಕಡೆ ಮ್ಯಾನೇಜರ್ ಕೆಲಸಕ್ಕೆ ಅರ್ಥ ಇದೆ ಅಂತ ನನ್ನ ಅನಿಸಿಕೆ. ಹಣ ಇರುವ ಕ್ಲಬ್ ಹಿಡಿದರೆ ಆಟ ಬರೀ ಶಾಪಿಂಗ್ ಆಗಿಬಿಡುತ್ತೆ.

ಸರಿ, ಕೂತ ಕೂಡಲೇ ಏನು ಮಾಡಿದೆ? ಆಟಗಾರರ ಪಟ್ಟಿಗೆ ನನ್ನದೇ ಒಂದು ನೋಟ ಮಾಡಿಕೊಂಡೆ. ಮಾಮೂಲಿಯಾಗಿ ಕಾಣುವ ಫಾರ್ಮ್, ಸ್ಟಾರ್ ರೇಟಿಂಗ್ ಕಾಲಂಗಳನ್ನೆಲ್ಲ ತೆಗೆದೆ. ವಯಸ್ಸು, ಸಂಬಳ, ಕಾಂಟ್ರ್ಯಾಕ್ಟ್ ಮುಗಿಯುವ ದಿನ, ಮಾತುಕೊಟ್ಟ ಆಟದ ಸಮಯ, ಸ್ವಭಾವ, ಇಷ್ಟು ಹಾಕಿದೆ. ಆಮೇಲೆ ಸಂಬಳದ ಮೇಲೆ ಕ್ಲಿಕ್ ಮಾಡಿ ಮೇಲಿನಿಂದ ಕೆಳಗೆ ಜೋಡಿಸಿದೆ.

ಈಗಷ್ಟೇ ಕೆಳಗೆ ಬಿದ್ದ ಯಾವ ಕ್ಲಬ್‌ನಲ್ಲಾದರೂ ಈ ಪಟ್ಟಿ ಒಂದೇ ಥರ ಕಾಣುತ್ತೆ. ತುದಿಯಲ್ಲಿ ಮೂವತ್ತು ದಾಟಿದವರು, ಮೇಲಿನ ದರ್ಜೆಯ ಸಂಬಳ, ಕೆಳಗಿನ ದರ್ಜೆಯ ಕೆಲಸ. ಪ್ರತಿ ಹೆಸರಿನ ಮುಂದೆ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇವನು ಈ ಸಂಬಳಕ್ಕೆ ತಕ್ಕಷ್ಟು ಹೊತ್ತು ಆಡುತ್ತಾನಾ? ಹೌದು ಅಂದರೆ ಇರಲಿ. ಇಲ್ಲ ಅಂದರೆ ಎರಡು ದಾರಿ. ಕಾಂಟ್ರ್ಯಾಕ್ಟ್ ಒಂದೇ ವರ್ಷ ಇದ್ದರೆ ಸುಮ್ನೆ ಬಿಡು, ತಾನಾಗಿ ಮುಗಿಯುತ್ತೆ. ಎರಡು ಮೂರು ವರ್ಷ ಇದ್ದರೆ ಮಾತ್ರ ಈಗಲೇ ಕಳಿಸಲು ಒದ್ದಾಡು.

ನಂತರ ಅದೇ ಪಟ್ಟಿಯನ್ನು ಕಾಂಟ್ರ್ಯಾಕ್ಟ್ ಮುಗಿಯುವ ದಿನದ ಪ್ರಕಾರ ಜೋಡಿಸಿದೆ. ಇಲ್ಲಿ ಹುಡುಕುವುದು ಉಲ್ಟಾ. ಯಾರನ್ನು ಕಳೆದುಕೊಳ್ಳಬಾರದೋ ಅವರು. 1995ರ ಬೋಸ್ಮನ್ ತೀರ್ಪು ಬಂದ ಮೇಲೆ ಕಾಂಟ್ರ್ಯಾಕ್ಟ್ ಮುಗಿದ ಆಟಗಾರ ಪುಕ್ಕಟೆಯಾಗಿ ಹೋಗಬಹುದು. ಆಟದಲ್ಲೂ ಹಾಗೇ. ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಮೊದಲೇ ಸಹಿ ಹಾಕಿಬಿಡುತ್ತಾರೆ. ಜುಲೈನಲ್ಲಿ ಒಂದು ವರ್ಷ ಉಳಿದಿದೆ ಅಂದರೆ ನಿಜವಾಗಿ ನಿಮ್ಮ ಹತ್ತಿರ ಇರುವುದು ಡಿಸೆಂಬರ್ ತನಕ.

ಕಳಿಸುವ ಕೆಲಸ ಅಷ್ಟು ಸುಲಭ ಅಲ್ಲ. ಒಬ್ಬ ಹಿರಿಯ ಮಿಡ್‌ಫೀಲ್ಡರ್ ಇದ್ದ, ಹೆಸರು ಬೇಡ. ಸಂಬಳ ದೊಡ್ಡದು, ಕಾಲು ಭಾರ. ಎಲ್ಲ ಕ್ಲಬ್‌ಗಳಿಗೂ ಆಫರ್ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ. 2024ರ ಆಟದಲ್ಲಿ ಮಧ್ಯವರ್ತಿಗಳು ಬಂದಿದ್ದಾರೆ. ಕಮಿಷನ್ ಕೊಟ್ಟರೆ ಅವರೇ ಗಿರಾಕಿ ಹುಡುಕುತ್ತಾರೆ. ನಾನು ಹಿಡಿದ ಮಧ್ಯವರ್ತಿಯೂ ನಾನು ಕೇಳಿದ ಬೆಲೆಗೆ ಆಗೋಲ್ಲ ಅಂತ ತಲೆ ಅಲ್ಲಾಡಿಸಿದ. ಕೊನೆಗೆ ಸಾಲ ಕೊಡೋಣ, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್‌ಗೆ ಆಡಲು ಕಳಿಸೋಣ ಅಂತ ಇಟ್ಟೆ. ಒಂದು ಕ್ಲಬ್ ಬಂತು. ಸಂಬಳದಲ್ಲಿ ಶೇ. 40 ನಾವು ಕೊಡ್ತೀವಿ ಅಂದರು. ನಾನು 70 ಕೇಳಿದೆ. ಅವರು 45. ನಾನು ತಿಂಗಳ ಸಾಲದ ಶುಲ್ಕವನ್ನು ಪೂರ್ತಿ ತೆಗೆದು 60ಕ್ಕೆ ಇಳಿದೆ. ಅವರು 55 ಹಾಕಿ, ಮಾತುಕತೆಯ ತಾಳ್ಮೆ ಕೆಂಪಿಗೆ ಬಂತು. ಒಪ್ಪಿದೆ. ಪೈಸಾ ಲಾಭ ಇಲ್ಲ. ಆದರೆ ವರ್ಷಪೂರ್ತಿ ಅವನ ಸಂಬಳದ ಅರ್ಧಕ್ಕಿಂತ ಜಾಸ್ತಿ ಉಳಿಯಿತು, ಬೆಂಚ್ ಮೇಲೆ ಕೂತು ಗೊಣಗುವವನೊಬ್ಬ ಕಮ್ಮಿ ಆದ.

ಗೊಣಗುವುದು ಅಂದೆ ನೋಡಿ, ಅದು ಈ ಆಟದಲ್ಲಿ ಸಣ್ಣ ವಿಷಯ ಅಲ್ಲ. ಡೈನಾಮಿಕ್ಸ್ ಅಂತ ಒಂದು ಪುಟ ಇದೆ. ಯಾರ ಮಾತು ತಂಡದಲ್ಲಿ ನಡೆಯುತ್ತೆ, ಯಾರು ಯಾರ ಗುಂಪು, ಎಲ್ಲ ಅಲ್ಲಿ ಕಾಣುತ್ತೆ. ಮೇಲ್ತುದಿಯಲ್ಲಿ ತಂಡದ ನಾಯಕರು, ಕೆಳಗೆ ಪ್ರಭಾವಿಗಳು, ಆಮೇಲೆ ಉಳಿದವರು. ಆಟಗಾರರನ್ನು ಕೊಳ್ಳುವ-ಮಾರುವ ಮೊದಲ ಅವಧಿಯಲ್ಲಿ (ವಿಂಡೋ) ಮೇಲ್ತುದಿಯ ಯಾರನ್ನೂ ಮಾರಬೇಡಿ, ಎಷ್ಟೇ ದುಡ್ಡು ಬಂದರೂ. ಒಬ್ಬನನ್ನು ಮಾರಿದರೆ ಅವನ ಗುಂಪಿನ ನಾಲ್ಕು ಜನ ಮುಖ ಸಿಂಡರಿಸಿಕೊಂಡು ನಿಮ್ಮ ಬಾಗಿಲಿಗೆ ಬರುತ್ತಾರೆ. ಹೊಸ ಮ್ಯಾನೇಜರ್ ಮಾತಿಗೆ ಆಗ ಇನ್ನೂ ತೂಕ ಇರೋಲ್ಲ. ಅದರಲ್ಲೂ ಪ್ರೊಫೈಲ್ ಮಾಡುವಾಗ ಆಟದ ಅನುಭವ 'ಸಂಡೇ ಲೀಗ್', ಅಂದರೆ ಬರೀ ಹವ್ಯಾಸಿ ಆಟ ಅಂತ ಹಾಕಿಕೊಂಡಿದ್ದರೆ ಮುಗಿದೇ ಹೋಯಿತು. ನಾನು ಹಾಗೇ ಹಾಕುತ್ತೇನೆ, ಅದರಲ್ಲೇ ಮಜಾ.

ಹಾಗಾಗಿ ಕ್ಯಾಪ್ಟನ್ ಬದಲಿಸಲಿಲ್ಲ. ಮೊದಲ ಮೀಟಿಂಗ್‌ನಲ್ಲಿ ಕೂಗಾಡಲಿಲ್ಲ. ಗುರಿ ಏನು ಅಂತ ಕೇಳಿದಾಗ ಪ್ರೊಮೋಷನ್‌ಗೆ, ಅಂದರೆ ಮೇಲಿನ ದರ್ಜೆಗೆ ಏರಲು, ಪೈಪೋಟಿ ಕೊಡೋಣ ಅಂದೆ, ಗೆದ್ದೇ ತೀರಬೇಕು ಅನ್ನಲಿಲ್ಲ. ನಾವಿರುವ ಎರಡನೇ ದರ್ಜೆಯ ಲೀಗ್, ಎರಡನೇ ಬುಂಡೆಸ್‌ಲಿಗಾದಲ್ಲಿ 18 ತಂಡ. ಮೊದಲೆರಡು ನೇರ ಮೇಲೆ. ಮೂರನೆಯದು ಮೇಲಿನ ದರ್ಜೆಯ 16ನೇ ತಂಡದ ಜೊತೆ ಎರಡು ಪಂದ್ಯ ಆಡಬೇಕು. ಅಷ್ಟೇ. ಹ್ಯಾಂಬರ್ಗ್, ಹೆರ್ಥಾ ಬರ್ಲಿನ್, ಸೇಂಟ್ ಪೌಲಿ, ಡುಸೆಲ್ಡಾರ್ಫ್ ಎಲ್ಲ ಇರುವ ಕಡೆ ಜಾಸ್ತಿ ಹೇಳಿಕೊಂಡರೆ ಅಕ್ಟೋಬರ್‌ನಲ್ಲೇ ಬೋರ್ಡ್ ಕರೆಸಿಕೊಳ್ಳುತ್ತೆ. ನಿಜ ಜೀವನದಲ್ಲಿ ಆ ಸೀಸನ್‌ನಲ್ಲಿ (2023-24) ಮೇಲೆ ಹೋದದ್ದು ಸೇಂಟ್ ಪೌಲಿ ಮತ್ತು ಹೋಲ್ಸ್ಟೈನ್ ಕೀಲ್. ಶಾಲ್ಕೆ 10ನೇ ಸ್ಥಾನ, ಅದೂ ಸೆಪ್ಟೆಂಬರ್‌ನಲ್ಲೇ ಮ್ಯಾನೇಜರ್‌ನ ತೆಗೆದು.

ಮುಂದೆ ಸಿಬ್ಬಂದಿ. ಇಲ್ಲಿ ನಾನು ಒಬ್ಬರ ಮೇಲೆ ಮಾತ್ರ ತಲೆ ಕೆಡಿಸಿಕೊಳ್ಳುತ್ತೇನೆ: ಯುವ ವಿಭಾಗದ ಮುಖ್ಯಸ್ಥ. ವರ್ಷಕ್ಕೊಮ್ಮೆ ಅಕಾಡೆಮಿಯಿಂದ ಹೊಸ ಹುಡುಗರು ಬರುತ್ತಾರಲ್ಲ, ಅವರ ಸ್ವಭಾವದ ಮೇಲೆ ಈತನ ಸ್ವಭಾವದ ನೆರಳು ಬೀಳುತ್ತೆ. ವೃತ್ತಿಪರ ಸ್ವಭಾವದವನನ್ನು ಇಟ್ಟರೆ ಅಂಥ ಹುಡುಗರು ಬರುವ ಸಾಧ್ಯತೆ ಜಾಸ್ತಿ. ಬೇರೆ ಕ್ಲಬ್‌ನಲ್ಲಿ ಇದನ್ನು ಆಮೇಲೆ ನೋಡಿದರೂ ನಡೆಯುತ್ತೆ. ಶಾಲ್ಕೆಯಲ್ಲಿ ನಡೆಯೋಲ್ಲ. ಇಲ್ಲಿನ ಅಕಾಡೆಮಿಗೆ ಕ್ನಾಪನ್‌ಷ್ಮೀಡೆ ಅಂತ ಹೆಸರು. 2014ರ ವಿಶ್ವಕಪ್ ಗೆದ್ದ ಜರ್ಮನ್ ತಂಡದ ನೋಯರ್, ಒಜಿಲ್, ಹೋವೆಡೆಸ್, ಡ್ರಾಕ್ಸ್‌ಲರ್ ಇಲ್ಲಿ ಬೆಳೆದವರು. ಲೆರಾಯ್ ಸಾನೆ ಕೂಡ. ಈ ಕ್ಲಬ್ ಬದುಕಿರುವುದೇ ಹುಡುಗರನ್ನು ಬೆಳೆಸಿ. ಬೋರ್ಡ್ ಕೊಡುವ ಗುರಿಗಳ ಪಟ್ಟಿ ನೋಡುವಾಗಲೂ ನಾನು ಮೊದಲು ಹುಡುಕಿದ್ದು ಅಕಾಡೆಮಿ ವಿಷಯವನ್ನೇ. ಉಳಿದದ್ದು, ಪ್ರೆಸ್ ಮೀಟ್, ಅಂಡರ್-19 ತಂಡದ ದಿನದ ವ್ಯವಹಾರ, ಎಲ್ಲ ಅಸಿಸ್ಟೆಂಟ್ ತಲೆಗೆ ಕಟ್ಟಿದೆ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ತಂತ್ರದ ಬಗ್ಗೆ ಎರಡೇ ಮಾತು. ಎಲ್ಲರೂ ಗೆಗೆನ್‌ಪ್ರೆಸ್ ಹಾಕುತ್ತಾರೆ (ಚೆಂಡು ಕಳೆದುಕೊಂಡ ಕೂಡಲೇ ಓಡಿ ಮುತ್ತಿಗೆ ಹಾಕಿ ಕಿತ್ತುಕೊಳ್ಳುವ ತಂತ್ರ), ಆಟದಲ್ಲಿ ಅದು ಸುಲಭವಾಗಿ ಗೆಲ್ಲಿಸುತ್ತೆ ಅಂತ. ನಾನು ಮೊದಲು ಟೀಮ್ ರಿಪೋರ್ಟ್‌ನ ಹೋಲಿಕೆ ಪುಟ ನೋಡಿದೆ. ಲೀಗ್‌ನ ಉಳಿದ ತಂಡಗಳ ಮುಂದೆ ನಮ್ಮವರು ಎಲ್ಲೆಲ್ಲಿ ನಿಲ್ಲುತ್ತಾರೆ ಅಂತ ಅಲ್ಲಿ ಇರುತ್ತೆ. ಹೆಡಿಂಗ್, ಮೈಬಲ ಚೆನ್ನಾಗಿತ್ತು. ಓಟ ಇಲ್ಲ. ಓಡಲಾರದವರನ್ನು 90 ನಿಮಿಷ ಅಟ್ಟಿಸಿಕೊಂಡು ಹೋಗು ಅನ್ನೋದು ಯಾವ ನ್ಯಾಯ? 4-2-3-1 ಇಟ್ಟೆ, ಡಿಫೆನ್ಸ್ ಲೈನ್ ಸ್ವಲ್ಪ ಹಿಂದೆ, ರೆಕ್ಕೆಗಳಿಂದ ಕ್ರಾಸ್.

ಕ್ರಾಸ್ ಯಾರಿಗೆ? ನಮ್ಮ ಸ್ಟ್ರೈಕರ್ ಸಿಮೋನ್ ಟೆರೋಡೆ ಇದ್ದಾರಲ್ಲ. 1988ರಲ್ಲಿ ಹುಟ್ಟಿದವರು, ಅಂದರೆ ಆಟ ಶುರುವಾದಾಗ 35. ಎರಡನೇ ಬುಂಡೆಸ್‌ಲಿಗಾದ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರು. 2021-22ರಲ್ಲಿ ಶಾಲ್ಕೆ ಮೇಲೆ ಹೋದಾಗ ಇವರ ಲೀಗ್ ಗೋಲುಗಳೇ 30. ವೇಗ ಕೇಳಬೇಡಿ. ಆದರೆ ಬಾಕ್ಸ್ ಒಳಗೆ ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತು. 65ನೇ ನಿಮಿಷಕ್ಕೆ ಹೊರಗೆ ಕರೆದುಕೊಂಡರೆ ಸೀಸನ್ ಪೂರ್ತಿ ಬರುತ್ತಾರೆ. ಪ್ರತಿ ವಾರ ಅವರ ದಣಿವಿನ ಹೃದಯ ಚಿಹ್ನೆ ನೋಡಿಯೇ ಹನ್ನೊಂದು ಜನರನ್ನು ಆರಿಸುತ್ತಿದ್ದೆ.

ಕಾರ್ನರ್‌ಗೂ ಸಮಯ ಕೊಟ್ಟೆ. 2024ರ ಆಟದಲ್ಲಿ ಸೆಟ್ ಪೀಸ್ ಕೋಚ್ (ಕಾರ್ನರ್, ಫ್ರೀ ಕಿಕ್‌ಗಳನ್ನು ನೋಡಿಕೊಳ್ಳುವವನು) ಹುದ್ದೆ ಹೊಸದಾಗಿ ಬಂತು. ಆತನ ಜೊತೆ ಕೂತು ಚೆಂಡು ಹತ್ತಿರದ ಕಂಬಕ್ಕೆ ಬರಲಿ, ಇಬ್ಬರು ಎತ್ತರದವರು ಅಲ್ಲಿಗೇ ನುಗ್ಗಲಿ, ಒಬ್ಬ ಗೋಲ್‌ಕೀಪರ್ ಮುಂದೆ ಅಡ್ಡ ನಿಲ್ಲಲಿ ಅಂತ ಹೇಳಿಟ್ಟೆ. ಪೈಸಾ ಖರ್ಚಿಲ್ಲದೆ ಗೋಲು ಸಿಗುವ ಜಾಗ ಇದು. ಎತ್ತರದ, ನಿಧಾನದ ತಂಡ ಇರುವವರು ಇದನ್ನು ಬಿಡಲೇಬಾರದು.

ಇಷ್ಟೆಲ್ಲ ಆದ ಮೇಲೆ, ಜುಲೈ ಕೊನೆಯಲ್ಲಿ ಖರೀದಿಯ ಪುಟ ತೆರೆದೆ. ಆಗ ಏನು ಬೇಕು ಅಂತ ಗೊತ್ತಿತ್ತು: ಓಡುವ ಒಬ್ಬ ವಿಂಗರ್, ಓಡುವ ಒಬ್ಬ ಸೆಂಟರ್ ಬ್ಯಾಕ್. ಇಬ್ಬರೂ ಸಾಲಕ್ಕೆ ಬಂದರು. ಮುಗಿಯಿತು.

ಈ ಇಡೀ ಸಂಸಾರದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಒಬ್ಬ ಹುಡುಗನ ಕಾಂಟ್ರ್ಯಾಕ್ಟ್ ಮೇಲೆ. ಅಸ್ಸಾನ್ ವೆದ್ರಾಓಗೊ, 17 ವರ್ಷ, ಅಕಾಡೆಮಿಯ ಮಿಡ್‌ಫೀಲ್ಡರ್. ನಿಜ ಜೀವನದಲ್ಲಿ 2023ರ ಜುಲೈ 28ರಂದು ಹ್ಯಾಂಬರ್ಗ್ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದವನು. ಶಾಲ್ಕೆ 5-3 ಸೋತಿತು ಅನ್ನೋದು ಬೇರೆ ಮಾತು. ಮುಂದಿನ ಬೇಸಿಗೆಗೆ ಆತ ಲೈಪ್‌ಜಿಗ್‌ಗೆ ಹೋಗಿಬಿಟ್ಟ. ನನ್ನ ಆಟದಲ್ಲಿ ಅದಾಗಬಾರದು ಅಂತ ಪಣ ತೊಟ್ಟಿದ್ದೆ.

ನವೆಂಬರ್‌ನಲ್ಲಿ ದೊಡ್ಡ ಕ್ಲಬ್‌ಗಳ ಸ್ಕೌಟ್‌ಗಳು ಸುಳಿದಾಡಲು ಶುರು ಮಾಡಿದರು. ಹುಡುಗನ ಏಜೆಂಟ್ ಮಾತುಕತೆಗೆ ಕೂತ. ಸಂಬಳ ಏರಿಸಿದೆ, ಒಪ್ಪಿದ. ಆಮೇಲೆ ಬಂತು ಅಸಲಿ ವಿಷಯ, ಇಷ್ಟು ದುಡ್ಡು ಯಾರೇ ಕೊಟ್ಟರೂ ಬಿಡಬೇಕು ಅನ್ನುವ ಷರತ್ತು. ಅದನ್ನು ತೆಗೆದೆ, ಆತ ಮತ್ತೆ ಹಾಕಿದ. ಮೊತ್ತ ಏರಿಸಿದೆ, ಆತ ಇಳಿಸಿದ. ಷರತ್ತುಗಳ ಪಟ್ಟಿ ಕೆಳಗೆ ಜರುಗಿಸುತ್ತಾ ಹೋದರೆ ಇನ್ನೊಂದು ಸಿಗುತ್ತೆ: ಪ್ರೊಮೋಷನ್ ಸಿಗದಿದ್ದರೆ ಮಾತ್ರ ಜಾರಿಗೆ ಬರುವ ಬಿಡುಗಡೆ ಷರತ್ತು. ಅದನ್ನು ಹಾಕಿ, ಮೊದಲಿನದನ್ನು ತೆಗೆದು, ಆತ ಬದಲಿಸದಂತೆ ಅದಕ್ಕೆ ಬೀಗದ ಗುಂಡಿ ಒತ್ತಿದೆ. ಆಡುವ ಸಮಯದಲ್ಲಿ 'ಖಾಯಂ ಆಟಗಾರ' ಅಂತ ಕೊಟ್ಟೆ. ಏಜೆಂಟ್ ಸಹಿ ಹಾಕಿಸಿದ. ಹುಡುಗನಿಗೂ ನ್ಯಾಯ ಅಲ್ವಾ? ನಾವು ಮೇಲೆ ಹೋಗದಿದ್ದರೆ ಅವನನ್ನು ಹಿಡಿದಿಡಲು ನಮಗೆ ಯಾವ ಹಕ್ಕು?

ಚಳಿಗಾಲದ ವಿರಾಮದಲ್ಲಿ ಮೂರನೇ ಸ್ಥಾನ. ಜನವರಿಯಲ್ಲಿ ಅವನಿಗೆ ಎರಡು ಆಫರ್ ಬಂದವು, ಎರಡನ್ನೂ ತಿರಸ್ಕರಿಸಿದೆ. ಷರತ್ತು ಇನ್ನೂ ಜಾರಿಯಲ್ಲಿ ಇಲ್ಲದ್ದರಿಂದ ಯಾರೂ ಒತ್ತಾಯ ಮಾಡುವಂತಿರಲಿಲ್ಲ. ಕೊನೆಗೆ ಎರಡನೇ ಸ್ಥಾನದಲ್ಲಿ ಸೀಸನ್ ಮುಗಿಯಿತು, ಅದೂ ಗೋಲು ವ್ಯತ್ಯಾಸದ ಮೇಲೆ. ಆ ಷರತ್ತು ಬಳಕೆಗೆ ಬರಲೇ ಇಲ್ಲ. ಈಗ ಬುಂಡೆಸ್‌ಲಿಗಾದಲ್ಲಿ ಪಕ್ಕದೂರಿನ ಎದುರಾಳಿ ಡಾರ್ಟ್‌ಮುಂಡ್ ಜೊತೆ ಡರ್ಬಿ ಇದೆ, ಅವನ ಏಜೆಂಟ್ ಮತ್ತೆ ಹೊಸ ಕಾಂಟ್ರ್ಯಾಕ್ಟ್ ಕೇಳುತ್ತಿದ್ದಾನೆ, ಈ ಸಲ ಕೇಳಿದ ಸಂಬಳ ಟೆರೋಡೆಗಿಂತ ಜಾಸ್ತಿ.